ಹೊಸ ಬೆಲ್ಟ್ ಹಾಕಿದ ಮೇಲೆ ಡಿಟೆಕ್ಟರ್ ಯಾಕೆ ಕೂಗುತ್ತದೆ?

ತಿನಿಸಿನ ಪೊಟ್ಟಣಗಳು ಓಡುವ ಲೈನ್ ಖಾಲಿ. ಬೆಲ್ಟಿನ ಮೇಲೆ ಒಂದು ಪೊಟ್ಟಣವೂ ಇಲ್ಲ. ಆದರೂ ಗಡಿಯಾರ ನೋಡಿಕೊಂಡ ಹಾಗೆ 12 ಸೆಕೆಂಡಿಗೊಮ್ಮೆ, ಪೊಟ್ಟಣದೊಳಗೆ ಲೋಹದ ಚೂರು ಇದೆಯಾ ಅಂತ ನೋಡುವ ಮೆಟಲ್ ಡಿಟೆಕ್ಟರ್ ಕೂಗುತ್ತದೆ. ಕೆಂಪು ದೀಪ ಹತ್ತುತ್ತದೆ. ಪಕ್ಕದ ತಳ್ಳುಗೈ ಟಪ್ ಅಂತ ಮುಂದೆ ಬಂದು, ಇಲ್ಲದ ಪೊಟ್ಟಣವನ್ನು ರಿಜೆಕ್ಟ್ ಡಬ್ಬಕ್ಕೆ ತಳ್ಳಿ, ವಾಪಸ್ ಹೋಗುತ್ತದೆ. ನಿನ್ನೆವರೆಗೆ ಈ ಕಾಟ ಇರಲಿಲ್ಲ. ಬೆಳಿಗ್ಗೆ ಬೆಲ್ಟ್ ಬದಲಿಸಿದ್ದೆವು, ಅಷ್ಟೇ.

ಇಂಥ ಹೊತ್ತಲ್ಲಿ ಕೈ ಮೊದಲು ಹೋಗುವುದು ಸೆನ್ಸಿಟಿವಿಟಿ ಇಳಿಸುವ ಬಟನ್ ಕಡೆಗೆ. ನಾನೂ ಹೊಸದರಲ್ಲಿ ಹಾಗೇ ಮಾಡಿದವನು. ಇಳಿಸಿದರೆ ಕೂಗು ನಿಲ್ಲುತ್ತದೆ, ನಿಜ. ಆದರೆ ಆಮೇಲೆ ನಿಜವಾದ ಲೋಹದ ಚೂರು ಬಂದರೂ ಅದು ಕೂಗುವುದಿಲ್ಲ. ರಾತ್ರಿ ಬೊಗಳುತ್ತದೆ ಅಂತ ನಾಯಿಯ ಬಾಯಿ ಕಟ್ಟಿ ಮಲಗಿದ ಹಾಗೆ.

ಬೇರೆ ಕನ್ವೇಯರ್‌ಗಳಲ್ಲಿ ಬೆಲ್ಟ್ ಅಂದರೆ ಸಾಮಾನು ಹೊರುವ ಪಟ್ಟಿ. ಹರಿದರೆ ಇನ್ನೊಂದು ತಂದು ಹಾಕಿದರಾಯ್ತು. ಮೆಟಲ್ ಡಿಟೆಕ್ಟರ್‌ನಲ್ಲಿ ಹಾಗಲ್ಲ. ಪೊಟ್ಟಣ ಒಮ್ಮೆ ಹಾದುಹೋದರೆ ಹೋಯ್ತು. ಬೆಲ್ಟಿನ ಪ್ರತಿ ಇಂಚು ಮಾತ್ರ ನಿಮಿಷಕ್ಕೆ ನಾಲ್ಕೈದು ಸಲ ಯಂತ್ರದ ಕಣ್ಣ ಮುಂದೆ ಸುತ್ತಿ ಬರುತ್ತದೆ. ಹಾಗಾಗಿ ಬೆಲ್ಟ್ ಬದಲಿಸಿದರೆ ಡಿಟೆಕ್ಟರ್‌ನದೇ ಒಂದು ಭಾಗ ಬದಲಿಸಿದ ಲೆಕ್ಕ. ಇದು ಯಾಕೆ ಅಂತ ತಿಳಿಯಬೇಕಾದರೆ ಒಳಗೆ ಏನಿದೆ ಅಂತ ನೋಡಬೇಕು.

ಒಳಗಿರುವ ತಕ್ಕಡಿ

ಬೆಲ್ಟ್ ನುಗ್ಗಿ ಹೋಗುವ ಆ ಚೌಕದ ಸುರಂಗದ ಸುತ್ತ ಮೂರು ಕಾಯಿಲ್‌ಗಳಿವೆ, ಅಂದರೆ ತಂತಿಯ ಸುರುಳಿಗಳು. ನಡುವಿನದು ಕಳಿಸುವ ಕಾಯಿಲ್. ಅದರಲ್ಲಿ ಹರಿಯುವ ಕರೆಂಟ್ ಸೆಕೆಂಡಿಗೆ ಹತ್ತಾರು ಸಾವಿರದಿಂದ ಹಲವು ಲಕ್ಷ ಸಲ ದಿಕ್ಕು ಬದಲಿಸುತ್ತಿರುತ್ತದೆ. ಅದರ ಎರಡೂ ಪಕ್ಕ, ಸರಿಸಮ ದೂರದಲ್ಲಿ, ಒಂದೊಂದು ಹಿಡಿಯುವ ಕಾಯಿಲ್. ಬದಲಾಗುತ್ತಿರುವ ಕಾಂತಕ್ಷೇತ್ರ ಹತ್ತಿರದ ತಂತಿಯಲ್ಲಿ ವೋಲ್ಟೇಜ್ ಹುಟ್ಟಿಸುತ್ತದೆ ಅಂತ ಮೈಕೆಲ್ ಫ್ಯಾರಡೆ 1831ರಲ್ಲೇ ತೋರಿಸಿದ್ದ. ಅದೇ ಇಲ್ಲೂ ನಡೆಯುವುದು. ದೂರ ಸಮ ಇರುವುದರಿಂದ ಎರಡೂ ಕಾಯಿಲ್‌ಗಳಲ್ಲಿ ಹುಟ್ಟುವ ವೋಲ್ಟೇಜೂ ಸಮ. ಅವೆರಡನ್ನೂ ಒಂದಕ್ಕೊಂದು ಎದುರಾಗಿ ಜೋಡಿಸಿರುತ್ತಾರೆ. ಒಂದರಲ್ಲಿ ಇನ್ನೊಂದು ಕಳೆದು ಉಳಿಯುವುದು ಸೊನ್ನೆ.

ತಟ್ಟೆಗಳೆರಡೂ ಸಮ ನಿಂತ ತಕ್ಕಡಿ ಅಂದುಕೊಳ್ಳಿ. ಒಂದು ಲೋಹದ ಚೂರು ಸುರಂಗದೊಳಗೆ ಬಂದರೆ ಮೊದಲು ಈ ತಟ್ಟೆ ವಾಲುತ್ತದೆ, ಆಮೇಲೆ ಆ ತಟ್ಟೆ. ಕಬ್ಬಿಣವಾದರೆ ಕಾಂತಕ್ಷೇತ್ರವನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಹಿತ್ತಾಳೆ, ಅಲ್ಯೂಮಿನಿಯಂ, ಸ್ಟೇನ್‌ಲೆಸ್ ಸ್ಟೀಲ್ ಆದರೆ ಅದರೊಳಗೆ ಸಣ್ಣ ಸುಳಿಗಳ ಹಾಗೆ ಕರೆಂಟ್ ತಿರುಗಿ, ಅದು ತನ್ನದೇ ಕ್ಷೇತ್ರ ಹುಟ್ಟಿಸುತ್ತದೆ. ಹೇಗಿದ್ದರೂ ಸಮ ತಪ್ಪುತ್ತದೆ. ಆ ಚಿಟಿಕೆಯಷ್ಟು ವ್ಯತ್ಯಾಸವನ್ನು ಸಾವಿರಾರು ಪಟ್ಟು ಹಿಗ್ಗಿಸಿ ಯಂತ್ರ ಕೂಗುತ್ತದೆ.

ಈ ತಕ್ಕಡಿಗೆ ಲೋಹ ಅಂದರೆ ಏನು ಅಂತ ಗೊತ್ತಿಲ್ಲ. ಕರೆಂಟ್ ಹರಿಯಬಲ್ಲ ಯಾವುದು ಬಂದರೂ ಅದು ವಾಲುತ್ತದೆ. ಉಪ್ಪುನೀರು, ಹಸಿ ಮಾಂಸ, ಚೀಸ್, ಕಾರ್ಬನ್, ಎಲ್ಲಾ ಒಂದೇ. ಪೊಟ್ಟಣಗಳ ಮಟ್ಟಿಗೆ ಇದಕ್ಕೆ ದಾರಿಯಿದೆ. ಒಂದೇ ಥರದ ಪೊಟ್ಟಣ ಕೆಲವು ಸಲ ಹಾಯಿಸಿದರೆ ಅದರ ಸಿಗ್ನಲ್ ಹೇಗಿರುತ್ತದೆ ಅಂತ ಯಂತ್ರ ಕಲಿತುಕೊಂಡು ಅದನ್ನು ಬಿಟ್ಟುಬಿಡುತ್ತದೆ. ಬೆಲ್ಟಿನ ವಿಷಯದಲ್ಲೂ ಹಾಗೇ: ಉದ್ದಕ್ಕೂ ಒಂದೇ ಸಮ ಇದ್ದರೆ ತಕ್ಕಡಿ ವಾಲುವುದೇ ಇಲ್ಲ. ಕಾಣಿಸುವುದು ಬದಲಾವಣೆ ಮಾತ್ರ. ಒಂದು ಜಾಗ ದಪ್ಪ, ಒಂದು ಜಾಗ ಒದ್ದೆ, ಒಂದು ಜಾಗ ಜಾಯಿಂಟ್. ಅಲ್ಲೇ ತಟ್ಟೆ ಕದಲುತ್ತದೆ.

ಎಂಥ ಬೆಲ್ಟ್ ತರಬೇಕು

ಸಾಧಾರಣ ಕನ್ವೇಯರ್ ಬೆಲ್ಟುಗಳಲ್ಲಿ ಸ್ಟ್ಯಾಟಿಕ್ (ಉಜ್ಜಾಟದಿಂದ ಮೈಮೇಲೆ ಕೂಡುವ ವಿದ್ಯುತ್) ಕೂಡಿಕೊಳ್ಳದಿರಲಿ ಅಂತ ಕಾರ್ಬನ್ ಸೇರಿಸಿದ ಎಳೆಗಳನ್ನೋ ಪದರವನ್ನೋ ಹಾಕಿರುತ್ತಾರೆ. ಬೇರೆ ಕಡೆ ಅದು ಒಳ್ಳೆಯ ಗುಣ. ಇಲ್ಲಿ ಅದೇ ಶತ್ರು. ಕಾರ್ಬನ್ ಎಳೆಯಲ್ಲಿ ಕರೆಂಟ್ ಹರಿಯುತ್ತದೆ. ಎಳೆ ಉದ್ದಕ್ಕೂ ಇದ್ದರೂ ಜಾಯಿಂಟ್‌ನಲ್ಲಿ ಕತ್ತರಿಸಿರುತ್ತದೆ. ಪ್ರತಿ ಸುತ್ತಿನಲ್ಲೂ ಆ ಕತ್ತರಿಸಿದ ಜಾಗ ಸುರಂಗಕ್ಕೆ ಬಂದಾಗ ಕೂಗು ಖಂಡಿತ. ಬಣ್ಣ, ದಪ್ಪ, ಅಗಲ ಎಲ್ಲಾ ಹೊಂದುತ್ತದೆ, ಸ್ಟೋರಿನಲ್ಲಿ ಒಂದು ಬೆಲ್ಟ್ ಬಿದ್ದಿದೆ ಅಂತ ತಂದು ಹಾಕಿದವರೆಲ್ಲ ಸಾಮಾನ್ಯವಾಗಿ ಇಲ್ಲೇ ಎಡವುವುದು. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ.

ಎರಡನೇ ಗುಂಡಿ ಹೆಸರಿನದು. 'ಮೆಟಲ್ ಡಿಟೆಕ್ಟಬಲ್' ಅಂತ ಬರೆದ ನೀಲಿ ಬೆಲ್ಟುಗಳು, ಪ್ಲಾಸ್ಟಿಕ್ ಕೊಂಡಿಗಳು ಸಿಗುತ್ತವೆ. ಅದರಲ್ಲಿ ಬೇಕಂತಲೇ ಲೋಹದ ಪುಡಿ ಬೆರೆಸಿರುತ್ತಾರೆ. ಬೆಲ್ಟಿನ ಚೂರು ಮುರಿದು ತಿನಿಸಿನಲ್ಲಿ ಬಿದ್ದರೆ ಮುಂದಿರುವ ಡಿಟೆಕ್ಟರ್ ಹಿಡಿಯಲಿ ಅಂತ. ಅಂದರೆ ಅದು ಡಿಟೆಕ್ಟರ್‌ಗಿಂತ ಹಿಂದಿನ ಕನ್ವೇಯರ್‌ಗಳಿಗೆ. ಹೆಸರು ನೋಡಿ 'ಓ, ಇದು ಮೆಟಲ್ ಡಿಟೆಕ್ಟರ್‌ಗೇ ಮಾಡಿದ್ದು' ಅಂತ ಸುರಂಗದೊಳಗೆ ಹಾಕಿದರೆ ಕಥೆ ಮುಗಿಯಿತು. ಯಂತ್ರ ಬೆಲ್ಟನ್ನೇ ಹಿಡಿಯುತ್ತಾ ಕೂರುತ್ತದೆ. ಆರ್ಡರ್ ಕೊಡುವಾಗ 'ಡಿಟೆಕ್ಟರ್‌ನ ಒಳಗೆ ಓಡುವ ಬೆಲ್ಟ್, ಕಾರ್ಬನ್ ಬೇಡ, ಲೋಹದ ಪುಡಿ ಬೇಡ' ಅಂತ ಬಿಡಿಸಿ ಹೇಳುವುದೇ ಕ್ಷೇಮ.

ಹಾಗಾದರೆ ಉಳಿಯುವುದೇನು? ಪಾಲಿಯೆಸ್ಟರ್ ಬಟ್ಟೆಯ ಮೇಲೆ ಪಾಲಿಯುರೆಥೇನ್ ಅಥವಾ ಪಿವಿಸಿ ಪದರ ಇರುವ ತೆಳು ಬೆಲ್ಟ್. ಬಟ್ಟೆಯೇ ಇಲ್ಲದ, ಪೂರ್ತಿ ಪಾಲಿಯುರೆಥೇನಿನ ಬೆಲ್ಟೂ ಇದೆ. ಅದರ ಅಂಚು ನೂಲು ಬಿಡುವುದಿಲ್ಲ, ತೊಳೆಯುವುದೂ ಸುಲಭ. ಇಲ್ಲವೇ ಪ್ಲಾಸ್ಟಿಕ್ ಕೊಂಡಿಗಳನ್ನು ಹೆಣೆದ ಬೆಲ್ಟ್. ಅದರ ಕಡ್ಡಿಗಳೂ ಪ್ಲಾಸ್ಟಿಕ್ಕಿನದೇ ಇರಬೇಕು.

ಜಾಯಿಂಟ್ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡಬೇಕು. ಎರಡು ತುದಿಗಳನ್ನು ಒಂದರ ಮೇಲೊಂದು ಇಟ್ಟು ಅಂಟಿಸಿದರೆ ಆ ಜಾಗದಲ್ಲಿ ದಪ್ಪ ಬೇರೆ, ನಡುವೆ ಗೋಂದು ಬೇರೆ. ಡಿಟೆಕ್ಟರ್‌ಗೆ ಒಗ್ಗುವುದು ಬೆರಳು ಜಾಯಿಂಟ್. ಎರಡೂ ಕೈಗಳ ಬೆರಳು ಹೆಣೆದ ಹಾಗೆ ತುದಿಗಳನ್ನು ಗರಗಸದ ಹಲ್ಲಿನಂತೆ ಕತ್ತರಿಸಿ, ಒಂದರೊಳಗೊಂದು ಕೂರಿಸಿ, ಬಿಸಿ ಪ್ರೆಸ್‌ನಲ್ಲಿ ಕರಗಿಸಿ ಬೆಸೆಯುತ್ತಾರೆ. ದಪ್ಪ ಬದಲಾಗುವುದಿಲ್ಲ. ಇರುವ ಅಷ್ಟಿಷ್ಟು ವ್ಯತ್ಯಾಸವೂ ಒಂದೇ ಗೆರೆಯಲ್ಲಿ ಬರದೆ ಹಲ್ಲಿನ ಉದ್ದಕ್ಕೂ ಹರಡಿಕೊಳ್ಳುತ್ತದೆ. ಒಳ್ಳೆಯ ಜಾಯಿಂಟ್ ಆದರೆ ಕಣ್ಣು ಮುಚ್ಚಿ ಬೆರಳಾಡಿಸಿದಾಗ ಎಲ್ಲಿದೆ ಅಂತ ಗೊತ್ತಾಗಬಾರದು. ಉಬ್ಬು ಅಥವಾ ಸಂದು ಸಿಕ್ಕಿದರೆ ಅಲ್ಲಿ ನಾಳೆ ಕೊಳೆ ಕೂರುತ್ತದೆ, ತೇವ ಕೂರುತ್ತದೆ, ಕೂಗು ಶುರುವಾಗುತ್ತದೆ.

ಲೋಹದ ಕ್ಲಿಪ್ ಹೊಡೆದು ಸೇರಿಸುವ ಮಾತೇ ಇಲ್ಲ. ಇದನ್ನೂ ಹೇಳಬೇಕಾ ಅನ್ನಿಸಬಹುದು. ಆದರೆ ನಡುರಾತ್ರಿ ಬೆಲ್ಟ್ ಹರಿದಾಗ, 'ಬೆಳಗಿನವರೆಗೆ ಓಡಲಿ' ಅಂತ ಕ್ಲಿಪ್ ಹೊಡೆದು, ಡಿಟೆಕ್ಟರ್ ಆಫ್ ಮಾಡಿ ಓಡಿಸಿದ ಲೈನನ್ನು ನಾನು ಕಣ್ಣಾರೆ ನೋಡಿದ್ದೇನೆ.

ಬಳೆ ಮತ್ತು ರಬ್ಬರ್ ಬ್ಯಾಂಡ್

ಹೊಸ ಬೆಲ್ಟ್ ಕಾರ್ಖಾನೆಯಲ್ಲೇ ಬೆಸೆದು ಬಳೆಯಂತೆ ಬಂದಿದೆ. ಅದನ್ನು ಹಾಗೇ ಹಾಕಬಹುದಾ? ಇದು ನೂರಕ್ಕೆ ನೂರು ಯಂತ್ರದ ಆಕಾರದ ಪ್ರಶ್ನೆ. ಅದನ್ನು ಮೊದಲೇ ನೋಡಿಕೊಳ್ಳದೆ ಆರ್ಡರ್ ಕೊಟ್ಟರೆ ಬೆಲ್ಟ್ ಕೈಯಲ್ಲಿ ಹಿಡಿದು ನಿಲ್ಲಬೇಕಾಗುತ್ತದೆ.

ಮನೆಯಲ್ಲೇ ಮಾಡಿ ನೋಡಿ. ಒಂದು ಬಳೆ, ಒಂದು ರಬ್ಬರ್ ಬ್ಯಾಂಡ್. ಬಳೆ ಅಂದರೆ ಡಿಟೆಕ್ಟರ್‌ನ ತಲೆ (ಕಾಯಿಲ್‌ಗಳೂ ಸುರಂಗವೂ ಇರುವ ಪೆಟ್ಟಿಗೆ), ರಬ್ಬರ್ ಬ್ಯಾಂಡ್ ಅಂದರೆ ಬೆಲ್ಟ್. ಬ್ಯಾಂಡಿನ ಮೇಲಿನ ಎಳೆ ಬಳೆಯೊಳಗಿಂದ ಹೋಗಿ, ಕೆಳಗಿನ ಎಳೆ ಬಳೆಯ ಹೊರಗಿಂದ ವಾಪಸ್ ಬರಬೇಕು ಅಂದರೆ, ಬ್ಯಾಂಡನ್ನು ಕತ್ತರಿಸದೆ ಆಗುವುದಿಲ್ಲ. ಎರಡೂ ಸರಪಳಿಯ ಕೊಂಡಿಗಳಂತೆ ಸಿಕ್ಕಿಕೊಂಡಿವೆ. ಅದೇ ಎರಡೂ ಎಳೆಗಳು ಬಳೆಯೊಳಗಿಂದಲೇ ಹೋಗುವುದಾದರೆ ಬ್ಯಾಂಡನ್ನು ಚಪ್ಪಟೆ ಮಾಡಿ ಸುಮ್ನೆ ತೂರಿಸಿ ತೆಗೆಯಬಹುದು.

ಡಿಟೆಕ್ಟರ್‌ಗಳಲ್ಲೂ ಈ ಎರಡು ಥರ ಇವೆ. ವಾಪಸ್ ಬರುವ ಬೆಲ್ಟ್ ತಲೆಯ ಅಡಿಯಿಂದ ಬರುವ ಯಂತ್ರವಾದರೆ ಬಿಡಿ ತುದಿಯ ಬೆಲ್ಟ್ ತರಿಸಿ, ಒಳಗೆ ತೂರಿಸಿ, ಅಲ್ಲೇ ಬಿಸಿ ಪ್ರೆಸ್ ಇಟ್ಟು ಬೆಸೆಯಬೇಕು. ಬೆಸೆಯಲು ಬರುವವರನ್ನು ಮೊದಲೇ ಗೊತ್ತು ಮಾಡಿರಬೇಕು. ಎರಡೂ ಎಳೆ ಸುರಂಗದೊಳಗೇ ಓಡುವ ಯಂತ್ರವಾದರೆ ಬೆಲ್ಟಿನ ಕೆಳಗಿನ ಹಾಸನ್ನು ಬಿಚ್ಚಿ, ಬೆಸೆದ ಬೆಲ್ಟನ್ನೇ ಹಾಕಬಹುದು. ಪ್ಲಾಸ್ಟಿಕ್ ಕೊಂಡಿಯ ಬೆಲ್ಟಿಗೆ ಈ ತಲೆನೋವು ಇಲ್ಲ. ಒಂದು ಕಡ್ಡಿ ಎಳೆದರೆ ಬಿಚ್ಚಿಕೊಳ್ಳುತ್ತದೆ, ತೂರಿಸಿ ಕಡ್ಡಿ ಹಾಕಿದರೆ ಸೇರಿಕೊಳ್ಳುತ್ತದೆ.

ಬಿಚ್ಚುವ ಮೊದಲು

ಕರೆಂಟ್ ಆಫ್ ಮಾಡಿ, ಸ್ವಿಚ್ಚಿಗೆ ಬೀಗ ಹಾಕಿ, ಬೀಗದ ಕೈ ಜೇಬಿಗೆ ಹಾಕಿಕೊಳ್ಳಿ. ಗಾಳಿಯ ಲೈನನ್ನೂ ಮುಚ್ಚಿ ಒತ್ತಡ ಬಿಡಬೇಕು. ಕರೆಂಟ್ ಇಲ್ಲದಿದ್ದರೂ ಸಿಲಿಂಡರ್‌ನಲ್ಲಿ ಉಳಿದ ಗಾಳಿಗೆ ಆ ತಳ್ಳುಗೈ ಒಂದು ಏಟು ಕೊಡಬಲ್ಲದು.

ಆಮೇಲೆ ಸ್ಪ್ಯಾನರ್ ಎತ್ತುವ ಮೊದಲು ಫೋನ್ ಎತ್ತಿ. ಬೆಲ್ಟ್ ಬಿಗಿಯುವ ಎರಡೂ ಬದಿಯ ಟೆನ್ಷನ್ ಸ್ಕ್ರೂ ಎಷ್ಟು ಹೊರಗಿದೆ, ಯಾವ ರೋಲರ್ ಯಾವ ಕಡೆ, ಎಲ್ಲಕ್ಕಿಂತ ಹೆಚ್ಚಾಗಿ ಎಲ್ಲೆಲ್ಲಿ ಪ್ಲಾಸ್ಟಿಕ್ ವಾಷರ್, ಬುಷ್ ಇವೆ ಅಂತ ಫೋಟೊ ತೆಗೆದಿಡಿ. ಈ ವಾಷರ್ ನೋಡಲು ಎರಡು ಕಾಸಿನ ಸಾಮಾನಿನ ಹಾಗಿರುತ್ತದೆ. ಆದರೆ ರೋಲರ್‌ನ ಒಂದು ತುದಿಯನ್ನು ಫ್ರೇಮಿನಿಂದ ಬೇರೆ ಇಡುವುದು ಅದೇ. ಅದು ಇಲ್ಲದಿದ್ದರೆ ರೋಲರ್, ಎರಡೂ ಬದಿಯ ಫ್ರೇಮು, ಆಚೆಯ ಅಡ್ಡ ಪಟ್ಟಿ, ಎಲ್ಲಾ ಸೇರಿ ಒಂದು ದೊಡ್ಡ ಲೋಹದ ಉಂಗುರ ಆಗುತ್ತದೆ. ಡಿಟೆಕ್ಟರ್‌ನಿಂದ ಹೊರಗೆ ಸೋರುವ ಕಾಂತಕ್ಷೇತ್ರ ಆ ಉಂಗುರದಲ್ಲಿ ಕರೆಂಟ್ ಹರಿಸುತ್ತದೆ. ಬೇರಿಂಗ್ ತಿರುಗುವಾಗ ಒಮ್ಮೆ ತಾಗಿ ಒಮ್ಮೆ ಬಿಟ್ಟರೆ ಆ ಕರೆಂಟ್ ಒಮ್ಮೆ ಹರಿದು ಒಮ್ಮೆ ನಿಲ್ಲುತ್ತದೆ, ತಕ್ಕಡಿ ಕುಣಿಯುತ್ತದೆ. ಒಮ್ಮೆ ನಮ್ಮಲ್ಲಿ ಇಂಥದೊಂದು ವಾಷರ್ ತೊಳೆಯುವಾಗ ನೀರಿನ ಜೊತೆ ಚರಂಡಿಗೆ ಹೋಗಿತ್ತು. ಅದರ ಬದಲು ಯಾರೋ ಚೆನ್ನಾಗಿ ಹೊಂದುವ ಸ್ಟೀಲ್ ವಾಷರ್ ಹಾಕಿದ್ದರು. ಎರಡು ದಿನ ಹುಡುಕಿದೆವು.

ಹಳೆ ಬೆಲ್ಟ್ ತೆಗೆದ ಮೇಲೆ ಅದನ್ನು ಎಸೆಯಬೇಡಿ, ಹಾಸಿ ನೋಡಿ. ಅಂಚು ಒಂದೇ ಕಡೆ ಸವೆದಿದ್ದರೆ ಬೆಲ್ಟ್ ಬಹಳ ದಿನದಿಂದ ಆ ಕಡೆ ಎಳೆಯುತ್ತಿತ್ತು ಅಂತ ಅರ್ಥ. ಹೊಸದೂ ಅದೇ ದಾರಿ ಹಿಡಿಯುತ್ತದೆ, ರೋಲರ್ ಸರಿಮಾಡದಿದ್ದರೆ. ಇನ್ನು, ಒಂದು ತುಂಡು ಕಾಣೆಯಾಗಿದ್ದರೆ ಅದು ಎಲ್ಲಿ ಹೋಯಿತು? ಬೆಲ್ಟಿನ ನೂಲು, ಪ್ಲಾಸ್ಟಿಕ್ ಚೂರು ತಿನಿಸಿನಲ್ಲಿ ಬಿದ್ದರೆ ಈ ಡಿಟೆಕ್ಟರ್‌ಗೆ ಕಾಣುವುದಿಲ್ಲ. ಅದಕ್ಕೇ ಅಂಚು ನೂಲು ಬಿಡಲು ಶುರುವಾದಾಗಲೇ ಬೆಲ್ಟ್ ಬದಲಿಸಬೇಕು, ಹರಿಯುವವರೆಗೆ ಕಾಯಬಾರದು.

ರೋಲರ್‌ಗೆ ಅಂಟಿದ ಕೊಳೆ ಕೆರೆದು ತೆಗೆಯಿರಿ. ಒಂದು ಕಡೆ ಕೊಳೆ ಕೂತರೆ ಅಲ್ಲಿ ರೋಲರ್ ದಪ್ಪ ಆದಂತೆ, ಬೆಲ್ಟ್ ಆ ಕಡೆ ಹತ್ತುತ್ತದೆ. ಹಾಸಿನ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕೈ ಸವರಿ, ಲೋಹದ ಚೂರು ಚುಚ್ಚಿಕೊಂಡಿದೆಯಾ ನೋಡಿ. ಸುರಂಗದ ಒಳಗೋಡೆಗೆ ಸ್ಪ್ಯಾನರ್ ತಾಗಿಸಬೇಡಿ, ಅದು ಬಿರುಕು ಬಿಟ್ಟು ಒಳಗೆ ನೀರು ಇಳಿದರೆ ಹೋಗುವುದು ತಲೆಯೇ.

ಹಾಕುವಾಗ

ಹೊಸ ಬೆಲ್ಟನ್ನು ನೆಲದ ಮೇಲೆ ಬಿಚ್ಚಬೇಡಿ. ಸ್ವಚ್ಛ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ಬಿಚ್ಚಿ. ಈ ಮಾತು ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ. ಬೆಲ್ಟಿನ ತಳಭಾಗದಲ್ಲಿ ಬಾಣದ ಗುರುತಿದ್ದರೆ ಓಟದ ದಿಕ್ಕೂ ಅದೂ ಒಂದೇ ಆಗಿರಬೇಕು.

ಟೆನ್ಷನ್ ಎಷ್ಟು ಕೊಡಬೇಕು? ಡ್ರೈವ್ ರೋಲರ್ ಮೇಲೆ ಜಾರದಷ್ಟು. ಜಾಸ್ತಿ ಬಿಗಿದರೆ ಬೇರಿಂಗ್ ಸವೆಯುತ್ತದೆ, ಜಾಯಿಂಟ್ ಬಾಯಿ ಬಿಡುತ್ತದೆ. ಕೈ ಅಂದಾಜಿಗಿಂತ ಒಳ್ಳೆಯ ದಾರಿ ಇದೆ. ಬೆಲ್ಟ್ ಸಡಿಲ ಇದ್ದಾಗ ಅದರ ಅಂಚಿನಲ್ಲಿ ಸರಿಯಾಗಿ 1000 ಮಿ.ಮೀ. ದೂರದಲ್ಲಿ ಎರಡು ಗೆರೆ ಹಾಕಿ. ಬಟ್ಟೆ ಪದರದ ತೆಳು ಬೆಲ್ಟಾದರೆ ಆ ದೂರ 1003ರಿಂದ 1005 ಮಿ.ಮೀ. ಆಗುವವರೆಗೆ ಬಿಗಿದರೆ ಸಾಮಾನ್ಯವಾಗಿ ಸಾಕು. ಬಟ್ಟೆ ಇಲ್ಲದ ಬೆಲ್ಟಿಗೆ ಲೆಕ್ಕ ಬೇರೆ, ಅದರ ಜೊತೆ ಬಂದ ಹಾಳೆ ನೋಡಿ. ಕೊಂಡಿ ಬೆಲ್ಟಿಗೆ ಬಿಗಿ ಬೇಕಿಲ್ಲ. ಅದು ಹಲ್ಲಿನ ಚಕ್ರದ ಮೇಲೆ ಓಡುವುದು, ಕೆಳಗೆ ಸ್ವಲ್ಪ ಜೋತಾಡಿದರೇ ಚೆನ್ನ.

ಬೆಲ್ಟ್ ಒಂದು ಕಡೆ ಸರಿಯುತ್ತಿದ್ದರೆ, ಸರಿಯುತ್ತಿರುವ ಕಡೆಯ ಸ್ಕ್ರೂ ಬಿಗಿಯಬೇಕು. ಬೆಲ್ಟ್ ಸಡಿಲ ಇರುವ ಬದಿಗೆ ಹೋಗುತ್ತದೆ. ಕಾಲು ಸುತ್ತು ಬಿಗಿದು, ಕೈ ಕಟ್ಟಿ ಐದಾರು ಸುತ್ತು ನೋಡಿ. ಇಲ್ಲಿ ತಾಳ್ಮೆ ಇಲ್ಲದವರು ಬಲಕ್ಕೊಂದು ಎಡಕ್ಕೊಂದು ತಿರುಗಿಸುತ್ತಾ ಹೋಗಿ, ಕೊನೆಗೆ ಬೆಲ್ಟ್ ವೀಣೆಯ ತಂತಿಯ ಹಾಗೆ ಬಿಗಿಯಾಗಿರುತ್ತದೆ, ಸರಿಯುವುದು ಮಾತ್ರ ನಿಂತಿರುವುದಿಲ್ಲ. ಅಂಚು ಸುರಂಗದ ಗೋಡೆಗೆ ಎಲ್ಲೂ ಉಜ್ಜಬಾರದು. ಉಜ್ಜಿದರೆ ತಲೆ ಸಣ್ಣಗೆ ನಡುಗುತ್ತದೆ, ಆ ನಡುಕವೂ ಸಿಗ್ನಲ್ಲೇ.

ಕೆಲಸ ಮುಗಿದ ಮೇಲೆ ಸುರಂಗದ ಎರಡೂ ಬಾಯಿಯ ಹತ್ತಿರ ಲೋಹ ಏನೂ ಉಳಿಯಬಾರದು. ಬಹಳಷ್ಟು ತಯಾರಕರು ಇಟ್ಟುಕೊಂಡಿರುವ ಲೆಕ್ಕ ಹೀಗೆ: ನಿಂತ ಲೋಹ ಸುರಂಗದ ಎತ್ತರದ ಒಂದೂವರೆ ಪಟ್ಟು ದೂರ, ಅಲ್ಲಾಡುವ ಲೋಹ ಎರಡು ಪಟ್ಟು ದೂರ. ಸುರಂಗ 150 ಮಿ.ಮೀ. ಎತ್ತರ ಇದ್ದರೆ 225 ಮತ್ತು 300 ಮಿ.ಮೀ. ಹೊಸದಾಗಿ ಹಾಕಿದ ಒಂದು ಸ್ಟೀಲ್ ಗಾರ್ಡ್, ಮರೆತುಹೋದ ಒಂದು ಸ್ಕ್ರೂಡ್ರೈವರ್ ಸಾಕು ಇಡೀ ದಿನ ಹಾಳಾಗಲು.

ಕೂಗಿನ ತಾಳ ಕೇಳಿ

ಈಗ ಖಾಲಿ ಬೆಲ್ಟನ್ನು, ಸೆನ್ಸಿಟಿವಿಟಿ ಇಳಿಸದೆ, ಹತ್ತು ಹದಿನೈದು ನಿಮಿಷ ಓಡಿಸಿ. ಕೂಗಿದರೆ ಬೈಯಬೇಡಿ, ವಾಚ್ ನೋಡಿ. ಬೆಲ್ಟಿನ ಉದ್ದವನ್ನು ವೇಗದಿಂದ ಭಾಗಿಸಿದರೆ ಒಂದು ಸುತ್ತಿಗೆ ಹಿಡಿಯುವ ಹೊತ್ತು ಸಿಗುತ್ತದೆ. 4 ಮೀಟರ್ ಬೆಲ್ಟ್ ನಿಮಿಷಕ್ಕೆ 20 ಮೀಟರ್ ಓಡುತ್ತಿದ್ದರೆ 12 ಸೆಕೆಂಡ್. ಕೂಗು ಸರಿಯಾಗಿ 12 ಸೆಕೆಂಡಿಗೊಮ್ಮೆ ಬಂದರೆ ಕಳ್ಳ ಬೆಲ್ಟಿನ ಮೇಲೇ ಇದ್ದಾನೆ, ಒಂದೇ ಜಾಗದಲ್ಲಿ ಇದ್ದಾನೆ. ಅದೇ 60 ಮಿ.ಮೀ. ವ್ಯಾಸದ ರೋಲರ್ ಆಗಿದ್ದರೆ ಅದರ ಒಂದು ಸುತ್ತಿಗೆ ಅರ್ಧ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ಸಿಗ್ನಲ್ ಮುಳ್ಳು ಆ ವೇಗದಲ್ಲಿ ಹೊಯ್ದಾಡುತ್ತಿದ್ದರೆ ರೋಲರ್ ನೋಡಬೇಕು. ತಾಳವೇ ಇಲ್ಲದೆ ಬೇಕಾದಾಗ ಕೂಗಿದರೆ ಆ ಪ್ಲಾಸ್ಟಿಕ್ ವಾಷರ್, ಸಡಿಲ ಬೋಲ್ಟು, ಪಕ್ಕದ ಮೋಟರ್ ಡ್ರೈವ್, ಇಲ್ಲವೇ ಸ್ಟ್ಯಾಟಿಕ್. ಕಾರ್ಬನ್ ಇಲ್ಲದ ಬೆಲ್ಟಿನಲ್ಲಿ ಸ್ಟ್ಯಾಟಿಕ್ ಕೂಡಿಕೊಳ್ಳುವುದು ಸಹಜ. ಒಣ ಹವೆಯಲ್ಲಿ ಇನ್ನೂ ಜಾಸ್ತಿ. ತೊಳೆದ ತಕ್ಷಣ ಕೂಗಿದರೆ ಮಾತ್ರ ಗಾಬರಿ ಬೇಡ, ಮೊದಲು ಬೆಲ್ಟ್ ಒಣಗಲಿ.

ಖಾಲಿ ಓಟ ಸದ್ದಿಲ್ಲದೆ ಮುಗಿದ ಮೇಲೆ ಪೊಟ್ಟಣ ಹಾಯಿಸಿ ಯಂತ್ರಕ್ಕೆ ಹೊಸದಾಗಿ ಕಲಿಸಬೇಕು. ಆಮೇಲೆ ಟೆಸ್ಟ್ ಪೀಸ್, ಅಂದರೆ ಪರೀಕ್ಷೆಗೆ ಬೇಕಂತಲೇ ಹಾಯಿಸುವ ಲೋಹದ ಚೂರು: ಕಬ್ಬಿಣ, ಹಿತ್ತಾಳೆಯಂಥ ಕಬ್ಬಿಣವಲ್ಲದ ಲೋಹ, 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ಮೂರರಲ್ಲಿ ಹಿಡಿಯಲು ಕಷ್ಟದ್ದು ಸ್ಟೇನ್‌ಲೆಸ್. ಅದಕ್ಕೆ ಕಾಂತ ಗುಣ ಇಲ್ಲದಷ್ಟು ಕಡಿಮೆ, ಕರೆಂಟೂ ಅಷ್ಟು ಸಲೀಸಾಗಿ ಹರಿಯುವುದಿಲ್ಲ. ಪೀಸ್ ಸುರಂಗದ ನಟ್ಟನಡುವೆ ಹಾಯುವಂತೆ ಇಡಿ. ಕಾಯಿಲ್‌ಗಳಿಂದ ದೂರದ ಜಾಗ ಅದೇ, ಅಲ್ಲಿ ಹಿಡಿದರೆ ಅಂಚಿನಲ್ಲಿ ಖಂಡಿತ ಹಿಡಿಯುತ್ತದೆ.

ಕೂಗಿತು ಅಂತ ಅಲ್ಲಿಗೇ ಬಿಡಬೇಡಿ. ಪೊಟ್ಟಣ ಡಬ್ಬಕ್ಕೆ ಬಿತ್ತಾ? ಕೂಗಿದ ಎಷ್ಟು ಹೊತ್ತಿಗೆ ತಳ್ಳಬೇಕು ಅನ್ನುವ ಲೆಕ್ಕ ಬೆಲ್ಟಿನ ವೇಗದ ಮೇಲೆ ನಿಂತಿದೆ. ಬೆಲ್ಟ್ ಸ್ವಲ್ಪ ಜಾರಿದರೂ ತಳ್ಳುಗೈ ಪಕ್ಕದ ಒಳ್ಳೆಯ ಪೊಟ್ಟಣವನ್ನು ತಳ್ಳಿ, ಕೆಟ್ಟದ್ದನ್ನು ಮುಂದೆ ಬಿಡುತ್ತದೆ. ಬೆಲ್ಟಿಗೆ ಸೀಮೆಸುಣ್ಣದ ಗುರುತು ಹಾಕಿ ಹತ್ತು ಸುತ್ತು ಎಣಿಸಿ. 120 ಸೆಕೆಂಡ್ ಬರಬೇಕಾದ ಜಾಗದಲ್ಲಿ 126 ಬಂದರೆ ಟೆನ್ಷನ್ ಮತ್ತೆ ನೋಡಬೇಕು.

ಇನ್ನು ಮೊದಲು ಹೇಳಿದ ಆ 12 ಸೆಕೆಂಡಿನ ಕೂಗು. ನಾವೆಲ್ಲ ಜಾಯಿಂಟ್ ಮೇಲೇ ಅನುಮಾನ ಪಟ್ಟೆವು. ಬೆಲ್ಟ್ ಕಳಿಸಿದವರಿಗೆ ಫೋನ್ ಮಾಡಿ ಜೋರೂ ಮಾಡಿದ್ದಾಯ್ತು. ಆಮೇಲೆ ಒಬ್ಬ ಹುಡುಗ ಕೂಗಿದ ಕ್ಷಣದಲ್ಲಿ ಸುರಂಗದ ಬಾಯಲ್ಲಿ ಬೆಲ್ಟಿಗೆ ಸೀಮೆಸುಣ್ಣ ಎಳೆದ. ಮೂರು ಸುತ್ತು, ಮೂರು ಗೆರೆ, ಮೂರೂ ಒಂದು ಗೇಣಿನೊಳಗೆ. ಜಾಯಿಂಟ್ ಅಲ್ಲಿಂದ ಒಂದೂವರೆ ಮೀಟರ್ ಆಚೆ ಇತ್ತು.

ಯಂತ್ರ ನಿಲ್ಲಿಸಿ, ಬೀಗ ಹಾಕಿ, ಬೆಲ್ಟ್ ಸಡಿಲಿಸಿ ಮಗುಚಿ ನೋಡಿದೆವು. ಕಣ್ಣಿಗೆ ಏನೂ ಕಾಣಲಿಲ್ಲ. ಅವನು ತಳಭಾಗದಲ್ಲಿ ಬೆರಳಾಡಿಸಿ 'ಸ್' ಅಂದ. ಬಟ್ಟೆಯ ನೇಯ್ಗೆಯೊಳಗೆ ಕೂದಲಿನಷ್ಟು ಸಣ್ಣ ಸ್ಟೀಲಿನ ಚೂರು. ಬೆಳಿಗ್ಗೆ ಬೆಲ್ಟನ್ನು ನೆಲದ ಮೇಲೆ ಬಿಚ್ಚಿ ಹಾಸಿದ್ದೆವು, ಗ್ರೈಂಡರ್ ಇಟ್ಟಿದ್ದ ಬೆಂಚಿನ ಪಕ್ಕದಲ್ಲೇ. ಟೇಪ್ ಅಂಟಿಸಿ ಎಳೆದಾಗ ಚೂರು ಟೇಪಿನ ಜೊತೆ ಬಂತು. ಆ ಟೇಪನ್ನು ಹಾಗೇ ಮೆಂಟೆನೆನ್ಸ್ ಪುಸ್ತಕದ ಆ ದಿನದ ಪುಟಕ್ಕೆ ಅಂಟಿಸಿದೆವು. ಬೆಲ್ಟ್ ಕಳಿಸಿದವರಿಗೆ ಇನ್ನೊಂದು ಫೋನ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು.